ಕಾಗದದಲ್ಲಿದ್ದ ಐವತ್ತು ರೂಪಾಯಿ

ಜುಲೈ 26 ಬಂತೆಂದರೆ ಬೆಂಗಳೂರಿನ ನಮ್ಮ ವಿಜಯನಗರದಲ್ಲಿ ಕಾರ್ಗಿಲ್ ವಿಜಯ ದಿನದ ಫ್ಲೆಕ್ಸ್‌ಗಳು ಏಳುತ್ತವೆ. ಯೋಧರ ಮುಖ ಅಂಚೆಚೀಟಿಯಷ್ಟು, ಶುಭ ಕೋರುವವರದು ಬಾಗಿಲಷ್ಟು! ನಿವೃತ್ತ ಮೇಷ್ಟ್ರಾದ ನನಗೆ ಇದನ್ನು ಸಹಿಸಲಾಗದು.

1999ರ ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಶಿಖರ ಗೆದ್ದ 2ನೇ ರಜಪೂತಾನ ರೈಫಲ್ಸ್‌ನ ಕಮಾಂಡರ್ ಕನ್ನಡಿಗರೇ, ಎಂ.ಬಿ. ರವೀಂದ್ರನಾಥ್. 2018ರಲ್ಲಿ ಇದೇ ಬೆಂಗಳೂರಿನಲ್ಲಿ ತೀರಿಕೊಂಡರು. ಎಷ್ಟು ಜನರಿಗೆ ಗೊತ್ತು? ಅವರ ಕೈಕೆಳಗಿದ್ದ ವಿಜಯಂತ್ ಥಾಪರ್ 22ರ ಹುಡುಗ. ಜೂನ್ ಕೊನೆಯಲ್ಲಿ ನೋಲ್ ಎಂಬ ಗುಡ್ಡದ ಮೇಲಿನ ದಾಳಿಗೆ ಹೊರಡುವ ಮುಂಚೆ ಮನೆಗೊಂದು ಕಾಗದ ಬರೆದಿಟ್ಟ: ಅನಾಥಾಲಯಕ್ಕೆ ಒಂದಿಷ್ಟು ಕೊಡಿ, ತಾನು ನೆರವಾಗುತ್ತಿದ್ದ ಕಾಶ್ಮೀರದ ಪುಟ್ಟ ಹುಡುಗಿಯೊಬ್ಬಳಿಗೆ ತಿಂಗಳಿಗೆ 50 ರೂಪಾಯಿ ಕೊಡುವುದನ್ನು ನಿಲ್ಲಿಸಬೇಡಿ ಎಂದು. ಆ ದಾಳಿಯಲ್ಲೇ ಗುಂಡು ತಗುಲಿ ಹೋದ.

ಫ್ಲೆಕ್ಸ್ ದುಡ್ಡಿನಲ್ಲಿ ಆ ಕಾಗದವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಇಲ್ಲಿನ ಶಾಲೆಗಳಿಗೆ ಹಂಚಿ. ಓದಿ ಹೇಳಲು ನಾನೇ ಬರುತ್ತೇನೆ.