ಹಳೆಯ ಗಾಡಿ, ಹಿಂದಿನ ಟ್ರೇಲರ್ ಮತ್ತು ನಮ್ಮ ಹೊಣೆ



ತಾತನ ಕಾಲದ ಜೀಪು, ಲಾರಿಗಳನ್ನು ಶೆಡ್ಡಿನಿಂದ ಹೊರಗೆಳೆದು, ತುಕ್ಕು ಉಜ್ಜಿ, ಬಣ್ಣ ಬಳಿದು ಮತ್ತೆ ಓಡಿಸುವ ಹವ್ಯಾಸ ನಮ್ಮ ಬೆಳೆಗಾರರಲ್ಲಿ ಕೆಲವರಿಗಿದೆ. ಸಂತೋಷದ ವಿಷಯವೇ. ಸರಿಯಾದ ರಸ್ತೆಯಿಲ್ಲದ ದಿನಗಳಲ್ಲಿ ನಮ್ಮ ತೋಟಗಳನ್ನು ಮುಟ್ಟಿದ ಗಾಡಿಗಳು ಅವು. ಆದರೆ ಗಾಡಿ ಓಡತೊಡಗಿದ ಮೇಲೆ ಅದರ ಹಿಂದೆ ಟ್ರೇಲರ್ ಕಟ್ಟುವ ಮನಸ್ಸಾಗುತ್ತದೆ. ಆಗ ಬ್ರೇಕಿನ ಮಾತು ಬಂದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. "ಹಿಂದಿನವರು ಬ್ರೇಕಿಲ್ಲದೆ ಎಳೆಯಲಿಲ್ಲವೇ?" ಎಂಬುದು ಒಂದು. "ಎರಡು ತಂತಿ ಎಳೆದರೆ ಆಯಿತು" ಎಂಬುದು ಇನ್ನೊಂದು. ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದನ್ನು ನೋಡೋಣ. ಎರಡನೆಯ ಮಹಾಯುದ್ಧದ ಜೀಪಿಗೆಂದು ಮಾಡಿದ ಟ್ರೇಲರಿಗೆ ಓಡುವಾಗ ಹಿಡಿಯುವ ಬ್ರೇಕ್ ಇರಲಿಲ್ಲ ನಿಜ. ನಿಲ್ಲಿಸಿದಾಗ ಹಾಕುವ ಕೈಬ್ರೇಕ್ ಮಾತ್ರ ಇತ್ತು. ಆದರೆ ಅದು ಕಾಲು ಟನ್ನಿನ ಟ್ರೇಲರ್. ನಮ್ಮ ಲೆಕ್ಕದಲ್ಲಿ 50 ಕಿಲೋದ ಸುಮಾರು 5 ಚೀಲ ಕಾಫಿ. ನಾವು ಹೇರುವುದು ಅಷ್ಟೇ ಏನು? 40 ಚೀಲ ಹೇರಿದರೆ 2 ಟನ್. ಹತ್ತಡಿಗೆ ಒಂದಡಿ ಇಳಿಯುವ ರಸ್ತೆಯಲ್ಲಿ ಪ್ರತಿ ಟನ್ ಭಾರವೂ ಸುಮಾರು 100 ಕಿಲೋದಷ್ಟು ಬಲದಿಂದ ಮುಂದಿನ ಗಾಡಿಯನ್ನು ತಳ್ಳುತ್ತಿರುತ್ತದೆ. ವೇಗ ಇಮ್ಮಡಿಯಾದರೆ ತಡೆಯಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ತಿರುವಿನಲ್ಲಿ ಗಾಡಿಗೆ ಮಾತ್ರ ಬ್ರೇಕ್ ಬಿದ್ದರೆ ಟ್ರೇಲರ್ ಅದನ್ನು ಅಡ್ಡಕ್ಕೆ ತಳ್ಳಿ ಮಡಚಿಬಿಡುತ್ತದೆ. ಆದ್ದರಿಂದ ಟ್ರೇಲರಿನ ಭಾರವನ್ನು ಟ್ರೇಲರಿನ ಬ್ರೇಕೇ ಹಿಡಿಯಬೇಕು.

ಇನ್ನು ತಂತಿಯ ಮಾತು. ಟ್ರೇಲರಿಗೆ ವಿದ್ಯುತ್ ಬ್ರೇಕ್ ಹಾಕುವುದು ಅಮೆರಿಕದಲ್ಲಿ ಬೆಳೆದುಬಂದ ರೂಢಿ; ನಮ್ಮಲ್ಲಿ ಅಪರೂಪ. ಚಕ್ರದ ಡ್ರಮ್ಮಿನೊಳಗೆ ಒಂದು ಅಯಸ್ಕಾಂತ ಇರುತ್ತದೆ. ಕರೆಂಟ್ ಹರಿದಾಗ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಒಂದು ತೋಳನ್ನು ಎಳೆಯುತ್ತದೆ. ತೋಳು ಬ್ರೇಕ್ ಶೂಗಳನ್ನು ಒತ್ತುತ್ತದೆ. ಎಷ್ಟು ಕರೆಂಟ್ ಬಿಡಬೇಕೆಂದು ನಿರ್ಧರಿಸುವ ಸಲಕರಣೆಯೇ ಕಂಟ್ರೋಲರ್. ಹಳೆಯ ಕಂಟ್ರೋಲರುಗಳಲ್ಲಿ ಒಂದು ಬಗೆಯವು ಲಾರಿಯ ಬ್ರೇಕ್ ಆಯಿಲಿನ ಕೊಳವೆಗೇ ಕವಲು ತೆಗೆದು ಜೋಡಿಸುವಂಥವು. ಪೆಡಲ್ ಒತ್ತಿದಾಗ ಆಯಿಲಿನ ಒತ್ತಡವೇ ಕರೆಂಟನ್ನು ಏರಿಸುತ್ತದೆ. ಜಾಣ ಏರ್ಪಾಡು, ಒಪ್ಪೋಣ. ಆದರೆ ಆ ಕಾಲದ ಲಾರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಸಾಮಾನ್ಯವಾಗಿ ಒಂದೇ ಆಯಿಲ್ ಮಾರ್ಗ. ಐವತ್ತು ವರ್ಷ ಹಳೆಯ ಕಂಟ್ರೋಲರಿನ ವಾಷರ್ ಒಂದು ಸೋರಿದರೆ ಟ್ರೇಲರಿನ ಬ್ರೇಕ್ ಮಾತ್ರವಲ್ಲ, ಲಾರಿಯ ಬ್ರೇಕೂ ಹೋಗುತ್ತದೆ. ಎರಡು ಮಾರ್ಗದ ಮಾಸ್ಟರ್ ಸಿಲಿಂಡರಿಗೆ ಇಂಥ ಕವಲು ತೆಗೆಯಲೇಬಾರದು.

ಆದಕಾರಣ ಹಳೆಯ ಕಂಟ್ರೋಲರನ್ನು ಅಂದಕ್ಕಾಗಿ ಡ್ಯಾಶಿನ ಕೆಳಗೆ ಬೇಕಾದರೆ ಇಟ್ಟುಕೊಳ್ಳಿ. ಕೆಲಸವನ್ನು ಈಗಿನ ಕಂಟ್ರೋಲರಿಗೆ ಕೊಡಿ. ಅದು ಗಾಡಿಯ ವೇಗ ಕುಗ್ಗುವುದನ್ನು ತಾನೇ ಗ್ರಹಿಸಿ ಅದಕ್ಕೆ ತಕ್ಕಷ್ಟು ಕರೆಂಟ್ ಬಿಡುತ್ತದೆ. ಆಯಿಲಿನ ಗೊಡವೆ ಇಲ್ಲ. ಸಾಮಾನ್ಯವಾಗಿ ಅದಕ್ಕೆ ನಾಲ್ಕು ತಂತಿ: ಕಪ್ಪು ಬ್ಯಾಟರಿಗೆ, ಬಿಳಿ ಅರ್ತಿಗೆ, ಕೆಂಪು ಬ್ರೇಕ್ ದೀಪದ ಸ್ವಿಚ್ಚಿಗೆ, ನೀಲಿ ಟ್ರೇಲರಿಗೆ. ಕೆಂಪು ತಂತಿ ಸೇರಬೇಕಾದದ್ದು ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ಬರುವ ಕಡೆಗೆ. ಟೆಸ್ಟ್ ಲ್ಯಾಂಪ್ ಹಿಡಿದು ನೋಡಿಯೇ ಜೋಡಿಸಬೇಕು.

ಇದಕ್ಕೂ ಮುಂಚೆ ಬ್ಯಾಟರಿಯನ್ನು ನೋಡಿ. ಯುದ್ಧಕಾಲದ ವಿಲ್ಲಿಸ್ ಜೀಪು 6 ವೋಲ್ಟಿನದು. 1950ರ ನಂತರ ಅಮೆರಿಕದ ಸೈನ್ಯಕ್ಕೆ ಬಂದದ್ದು 24 ವೋಲ್ಟಿನದು. ಅಮೆರಿಕದ ಫೋರ್ಡ್ ಲಾರಿಗಳು 1956ರಲ್ಲಿ 12 ವೋಲ್ಟಿಗೆ ಬದಲಾಗುವವರೆಗೆ 6 ವೋಲ್ಟಿನವು, ಅದರ ಮೇಲೆ ಪಾಸಿಟಿವ್ ಅರ್ತ್. ಈಗಿನ ಕಂಟ್ರೋಲರುಗಳಿಗೆ ಬೇಕಾದದ್ದು 12 ವೋಲ್ಟ್, ನೆಗೆಟಿವ್ ಅರ್ತ್. ಇದನ್ನು ನೋಡದೆ ಜೋಡಿಸಿದರೆ ಬ್ರೇಕ್ ಹಿಡಿಯುವುದಿಲ್ಲ, ಇಲ್ಲವೇ ಕಂಟ್ರೋಲರ್ ಸುಟ್ಟುಹೋಗುತ್ತದೆ.

ಒಂದು ಅಯಸ್ಕಾಂತ ಸುಮಾರು 3 ಆಂಪಿಯರ್ ಎಳೆಯುತ್ತದೆ; ನಾಲ್ಕು ಚಕ್ರಕ್ಕೆ 12. ಬ್ಯಾಟರಿಯಿಂದ ಟ್ರೇಲರಿನ ತುದಿಯವರೆಗೆ ದಾರಿ ಉದ್ದ. ದೀಪಕ್ಕೆ ಹಾಕುವ ಸಣ್ಣ ತಂತಿ ಇಲ್ಲಿ ಸಾಲದು. 4 ಚದರ ಮಿಲಿಮೀಟರಿನ ತಾಮ್ರದ ತಂತಿ ಇರಲಿ, ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರಿನ ಸರ್ಕ್ಯೂಟ್ ಬ್ರೇಕರ್ ಇರಲಿ. ಟ್ರೇಲರ್ ಕೊಂಡಿಯನ್ನೇ ಅರ್ತ್ ಎಂದು ನಂಬಬೇಡಿ. ಗ್ರೀಸು, ಬಣ್ಣ, ತುಕ್ಕಿನ ನಡುವೆ ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅರ್ತಿಗೂ ಬೇರೆ ತಂತಿಯನ್ನೇ ಎಳೆಯಿರಿ. ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಾಕುವ ಸ್ವಿಚ್ ಮತ್ತು ಅದಕ್ಕೊಂದು ಬ್ಯಾಟರಿ ಟ್ರೇಲರಿನಲ್ಲೇ ಇರಬೇಕು. ಸರಪಳಿಯಂತೂ ಇದ್ದೇ ಇರಬೇಕು.

ಇಷ್ಟೆಲ್ಲ ಖರ್ಚು ಏಕೆ ಎಂದು ಕೇಳುವವರಿದ್ದಾರೆ. ಕೊಯ್ಲಿನ ಸಂಜೆ ಹಣ್ಣಿನ ಚೀಲಗಳ ಮೇಲೆ ಕುಳಿತು ಬರುವವರು ಯಾರೆಂದು ಯೋಚಿಸಿದರೆ ಉತ್ತರ ಸಿಗುತ್ತದೆ. ಟ್ರೇಲರಿನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧವೆಂದು ನಮಗೆಲ್ಲ ಗೊತ್ತು. ಗೊತ್ತಿದ್ದೂ "ಎರಡೇ ಮೈಲಿ" ಎಂದು ಹತ್ತಿಸಿಕೊಳ್ಳುತ್ತೇವೆ. ಬೇಡವೆಂದು ಇಳಿದು ನಡೆಯುವ ಅನುಕೂಲ ದಿನಗೂಲಿಯವರಿಗೆ ಇಲ್ಲ. ಹಾಗಾಗಿ ಹೊಣೆ ಚಾಲಕನದಲ್ಲ, ಆಳುಗಳದೂ ಅಲ್ಲ. ಗಾಡಿಯ ಯಜಮಾನರಾದ ನಮ್ಮದು.

ಹಳೆಯ ಲಾರಿ ಇಲ್ಲದವರಿಗೂ ಈ ಮಾತು ಸಲ್ಲುತ್ತದೆ. ನಮ್ಮ ಟ್ರಾಕ್ಟರುಗಳ ಹಿಂದೆ ಬ್ರೇಕಿಲ್ಲದ ಟ್ರೇಲರುಗಳು ಬೇಕಾದಷ್ಟಿವೆ. ವಿದ್ಯುತ್ತಿನದೇ ಆಗಬೇಕೆಂದಿಲ್ಲ, ಆಯಿಲಿನದಾಗಲಿ, ಗಾಳಿಯದಾಗಲಿ, ಟ್ರೇಲರಿಗೆ ಅದರದೇ ಬ್ರೇಕ್ ಇರಲಿ. ರಸ್ತೆಗೆ ಇಳಿಯುವ ಮುನ್ನ ಟ್ರಾಕ್ಟರಿನ ಎಡ ಬಲ ಪೆಡಲುಗಳನ್ನು ಕೊಂಡಿ ಹಾಕಿ ಒಂದು ಮಾಡಬೇಕು. ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವ ಚಾಲಕನಿಗೆ ಅದನ್ನು ಬಿಡಿಸಿ ಹೇಳುವವರು ನಾವೇ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಂತೆ ಆಗಬಾರದು. ಪಲ್ಪರನ್ನು ಕೊಯ್ಲಿಗೆ ಮುಂಚೆ ಬಿಚ್ಚಿ ನೋಡುತ್ತೇವೆ. ಟ್ರೇಲರಿನ ಚಕ್ರವನ್ನೂ ಹಾಗೆಯೇ ಬಿಚ್ಚಿ ನೋಡೋಣ. ಬ್ರೇಕ್ ಬಲ್ಲ ಮೆಕ್ಯಾನಿಕ್ಕನ್ನೂ ಆಟೋ ಎಲೆಕ್ಟ್ರಿಷಿಯನ್ನನ್ನೂ ನಾಲ್ಕು ತೋಟದವರು ಒಟ್ಟಾಗಿ ಕರೆಸಿದರೆ ಖರ್ಚೂ ಹಂಚಿಹೋಗುತ್ತದೆ. ಸಹಕಾರವೆಂದರೆ ಮಾರಾಟದಲ್ಲಿ ಮಾತ್ರವಲ್ಲ. ಬಣ್ಣ ಬಳಿಯುವುದು ಆಮೇಲೆ ಆಗಲಿ. ಬ್ರೇಕಿನ ಕೆಲಸ ಕೊಯ್ಲಿಗೆ ಮುಂಚೆ ಮುಗಿಯಲಿ ಎಂದು ಸದಸ್ಯರೆಲ್ಲರಲ್ಲಿ ನಮ್ಮ ವಿನಂತಿ.