ಸರ್ವರ್ ಡೌನ್ ಐತಂದ್ರ ಚೀಟಿ ಬರದು ಕೊಡ್ರಿ

ಸಂಗೊಳ್ಳಿ ಹಾಗೂ ಸುತ್ತಲಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ರೈತರು, ಕೂಲಿಕಾರರು, ತಾಯಂದಿರು ಮತ್ತು ದಿನಾ ಕಂಪ್ಯೂಟರ್ ಮುಂದೆ ಕೂತು ನಮ್ಮೆಲ್ಲರ ಬೈಗುಳ ಕೇಳುವ ಸಿಬ್ಬಂದಿಯವರಿಗೆ

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವ ಮನುಷ್ಯ. ಈ ಕರಪತ್ರದಲ್ಲಿ ಕೇಳುತ್ತಿರುವುದು ಒಂದೇ. ಸರಕಾರದ ಯಾವುದೇ ಕೆಲಸಕ್ಕೆ ಹೋದಾಗ ಕಂಪ್ಯೂಟರ್ "ಆಗೂದಿಲ್ಲ" ಅಂದರೆ, ಯಾಕೆ ಆಗುವುದಿಲ್ಲ ಎಂಬುದನ್ನು ಕನ್ನಡದಲ್ಲಿ, ತಾರೀಖು ವೇಳೆ ಹಾಕಿ, ಕಾಗದದ ಮೇಲೆ ಕೊಡಬೇಕು. ಕೆಲಸ ಆದರೆ ಪಾವತಿ ಕೈಗೆ ಬರುತ್ತದೆ. ಆಗದಿದ್ದರೆ ಬರಿಗೈಲಿ ಬಸ್ ಹತ್ತುತ್ತೇವೆ. ಆ ಬರಿಗೈಗೂ ಒಂದು ಚೀಟಿ ಬೇಕು.

ಇಷ್ಟು ಸಣ್ಣ ಮಾತಿಗೆ ಕರಪತ್ರ ಯಾಕೆ ಅನ್ನುವವರಿಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಸೋಯಾ ರಾಶಿ ಮುಗಿದ ದಿನಗಳು. ಎಲ್ಲ ಕಡೆ ಇರುವಂಥದೇ ಒಂದು ಸೇವಾ ಕೇಂದ್ರ. ಪಾಳಿಯಲ್ಲಿ ನನ್ನ ಮುಂದಿದ್ದ ಆಯಿ ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲೆ ಇಟ್ಟಳು. ಕೆಂಪು ದೀಪ. ಸೆರಗಿನಿಂದ ಒರೆಸಿಕೊಂಡು ಮತ್ತೆ ಇಟ್ಟಳು. ಕೆಂಪು. ನಡುಬೆರಳು ಆಯಿತು, ಎಡಗೈ ಆಯಿತು, ಯಾರೋ ಕೊಟ್ಟ ನೀರಿನಲ್ಲಿ ಕೈ ತೊಳೆದದ್ದೂ ಆಯಿತು. ಕಸ ತೆಗೆದು, ಕಬ್ಬಿನ ರವದಿ ಬಳಿದು ಸವೆದ ಬೆರಳು; ಗೆರೆ ಎಲ್ಲಿಂದ ಬರಬೇಕು? "ಸರ್ವರ್ ಡೌನ್ ಐತಿ ಆಯಿ, ನಾಳಿ ಬಾ" ಅಂದ ಹುಡುಗ. ಆಯಿ ಚೀಲ ಮಡಚಿಕೊಂಡು ಹೋದಳು.

ನಾನು ಓರೆಯಲ್ಲಿ ಪರದೆ ನೋಡಿದೆ. ಅಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು, ಪಕ್ಕದಲ್ಲಿ 300 ಎಂಬ ಸಂಖ್ಯೆ. ಸರ್ವರ್ ಡೌನ್ ಆಗಿರಲೇ ಇಲ್ಲ. ಸರ್ವರ್ ಎದ್ದು ಕೂತು ಉತ್ತರವನ್ನೂ ಕೊಟ್ಟಿತ್ತು. ಆಧಾರ್ ವ್ಯವಸ್ಥೆಯಲ್ಲಿ 300 ಅಂದರೆ ಬೆರಳಚ್ಚು ತಾಳೆಯಾಗಲಿಲ್ಲ ಎಂದರ್ಥ. 330 ಬಂದರೆ ಆಧಾರ್‌ದಾರರೇ ತಮ್ಮ ಬೆರಳಚ್ಚನ್ನು ಲಾಕ್ ಮಾಡಿಟ್ಟಿದ್ದಾರೆ ಎಂದು. 100 ಬಂದರೆ ಹೆಸರು, ಹುಟ್ಟಿದ ತಾರೀಖಿನಂಥ ವಿವರ ಕೂಡುತ್ತಿಲ್ಲ ಎಂದು. ಪ್ರತಿ ಪ್ರಶ್ನೆಗೂ ಆ ಕಡೆಯಿಂದ ಹೌದು ಅಥವಾ ಅಲ್ಲ, ವೇಳೆ, ಒಂದು ಗುರುತಿನ ಸಂಖ್ಯೆ, ಅಲ್ಲ ಆಗಿದ್ದರೆ ಅದರ ಕಾರಣದ ಸಂಖ್ಯೆ, ಇಷ್ಟೂ ಬಂದು ಬೀಳುತ್ತವೆ. ಯಂತ್ರಕ್ಕೆ ಎಲ್ಲ ಗೊತ್ತಿತ್ತು, ಆಯಿಗೆ ಮಾತ್ರ ಗೊತ್ತಾಗಲಿಲ್ಲ. 300 ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಮರುದಿನ ಅವಳು ಅದೇ ಕೇಂದ್ರಕ್ಕೆ ಬಂದು ಅದೇ ಬೆರಳು ಒತ್ತುತ್ತಿರಲಿಲ್ಲ; ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಹೊಸದಾಗಿ ಕೊಡುತ್ತಿದ್ದಳು, ಇಲ್ಲವೇ ಮೊಬೈಲಿಗೆ ಬರುವ ಓಟಿಪಿಯಿಂದ ಕೆಲಸ ಮುಗಿಸುತ್ತಿದ್ದಳು. ಒಂದು ದಿನದ ಪಗಾರ ಉಳಿಯುತ್ತಿತ್ತು.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. "ಸರ್ವರ್ ಡೌನ್" ಎಂಬುದು ನಮ್ಮ ಧಂದೆಯವರು ಕಲಿಸಿಕೊಟ್ಟ ಮಾತು. ಪ್ರೋಗ್ರಾಂ ಬರೆಯುವಾಗ ಏನೇನು ಕೆಡಬಹುದು ಎಂದು ಯೋಚಿಸಿ ಪ್ರತಿಯೊಂದಕ್ಕೂ ಬೇರೆ ಮಾತು ಬರೆಯಬೇಕು. ಅದು ಬೇಸರದ ಕೆಲಸ. ಗುತ್ತಿಗೆಯ ಗಡುವು ಹತ್ತಿರ ಬಂದಿರುತ್ತದೆ. ಆಗ ಎಲ್ಲ ಕೇಡನ್ನೂ ಒಂದೇ ಬುಟ್ಟಿಗೆ ಹಾಕಿ "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ನೆಟ್‌ವರ್ಕ್ ಹೋದರೂ ಅದೇ, ಅರ್ಜಿಯ ಕೊನೆ ದಿನ ಮುಗಿದು ತಂತ್ರಾಂಶ ಲಾಕ್ ಆಗಿದ್ದರೂ ಅದೇ, ಉತಾರದ (ಪಹಣಿಯ) ಹೆಸರು ಕೂಡದಿದ್ದರೂ ಅದೇ. ಎಲ್ಲ ಬ್ಯಾನಿಗೂ ಒಂದೇ ಗುಳಗಿ. ಕೆಟ್ಟದ್ದನ್ನು ಕೆಟ್ಟಿದೆ ಎಂದು ಸರಿಯಾಗಿ ಹೇಳದ ಸಾಫ್ಟ್‌ವೇರು ಅರ್ಧ ಮಾತ್ರ ಮುಗಿದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪರದೆಯ ಬಣ್ಣ, ಮಂತ್ರಿಗಳ ಫೋಟೊ, ಉದ್ಘಾಟನೆಯ ದೀಪ ಎಲ್ಲ ಆಮೇಲೆ.

ಹಾಗಂತ ಕಂಪ್ಯೂಟರ್ ತೆಗೆದುಹಾಕಿ ಮತ್ತೆ ದಫ್ತರ ತನ್ನಿ ಎನ್ನುವವನು ನಾನಲ್ಲ. ಹಳೆಯ ಉತಾರದ ಕಾಲ ಬಲ್ಲವರು ನಮ್ಮಲ್ಲಿ ಇನ್ನೂ ಇದ್ದಾರೆ. ತಲಾಟಿಯ ಚೀಲದಲ್ಲಿ ಪುಸ್ತಕ, ಪುಸ್ತಕದಲ್ಲಿ ನಮ್ಮ ಹೊಲ, ಅವರು ಸಿಕ್ಕಾಗ ಉತಾರ. 2000-01ರ ಹೊತ್ತಿಗೆ ಕರ್ನಾಟಕ ಸರಕಾರ ತಂದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬಂತು. ಜಗತ್ತಿನ ಎಷ್ಟೋ ಕಡೆಯಿಂದ ಜನ ಅದನ್ನು ನೋಡಲು ಬಂದರು.

ನನ್ನಂಥವರು ಅದರಲ್ಲಿ ಮೆಚ್ಚುವುದು ಬೇರೆ ಮೂರು ಸಂಗತಿ. ಕಿಟಕಿಯಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆ ಮುಖ ಮಾಡಿ ಇಟ್ಟಿದ್ದರು. ಒಳಗಿನವರು ಏನು ಒತ್ತುತ್ತಿದ್ದಾರೆ ಎಂಬುದನ್ನು ಹೊರಗೆ ನಿಂತವನೂ ನೋಡಬಹುದಿತ್ತು. ವಾಟ್ನಿ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲೇ ಮುಂದೆ ಹೋಗುತ್ತಿದ್ದವು. ಹಿಂದಿನದನ್ನು ಬಿಟ್ಟು ಬೇಕಾದವರದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡುತ್ತಿರಲಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಬೆರಳು ಒತ್ತಬೇಕಿದ್ದದ್ದು ಅಧಿಕಾರಿ. ಈ ಬದಲಾವಣೆ ಮಾಡಿದ್ದು ನಾನೇ ಎಂದು ಸರಕಾರದ ನೌಕರ ತನ್ನ ಬೆರಳಚ್ಚು ಕೊಟ್ಟು ಒಪ್ಪಿಕೊಳ್ಳಬೇಕಿತ್ತು.

ಇಪ್ಪತ್ತೈದು ವರ್ಷದಲ್ಲಿ ಬೆರಳು ತಿರುಗಿಬಿಟ್ಟಿದೆ. ಈಗ ಒತ್ತಬೇಕಾದವರು ನಾವು. ರೇಶನ್ನಿಗೆ ಬೆರಳು. ಅಂಗನವಾಡಿಯ ಪೋಷಣ್ ಟ್ರ್ಯಾಕರಿನಲ್ಲಿ 2025ರ ಜುಲೈದಿಂದ ಮನೆಗೆ ಒಯ್ಯುವ ಆಹಾರಕ್ಕೆ ತಾಯಂದಿರ ಮುಖ. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಕೂಲಿಕಾರರ ಫೋಟೊ ದಿನಕ್ಕೆ ಎರಡು ಸಲ; ಮಧ್ಯಾಹ್ನದೊಳಗೇ ಒಡ್ಡು ಮುಗಿಸಿದವರೂ ಎರಡನೆಯ ಫೋಟೊಕ್ಕಾಗಿ ಬಿಸಿಲಿನಲ್ಲಿ ಕಾಯಬೇಕಾಯಿತು. ಇದರಿಂದ ಸುಳ್ಳು ಹಾಜರಿಯ ಕಳ್ಳತನ ನಿಂತಿತೇ? 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರ ಹಾಕುತ್ತಿದ್ದಾರೆ, ಫೋಟೊದ ಫೋಟೊ ತೆಗೆದು ಏರಿಸುತ್ತಿದ್ದಾರೆ ಎಂದು ಪಟ್ಟಿ ಮಾಡಿತು. ಕದಿಯುವವನಿಗೆ ದಾರಿ ಸಿಕ್ಕಿತು, ಟವರ್ ಇಲ್ಲದ ಕಡೆ ಮಣ್ಣು ಹೊತ್ತವಳ ಹಾಜರಿ ಹೋಯಿತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುವ ನಾಡು ಇದು. ನೆಟ್‌ವರ್ಕ್ ಇಲ್ಲದಾಗ ಕೆಲಸ ಬರೆದಿಟ್ಟುಕೊಂಡು, ಬಂದಾಗ ತಾನೇ ಕಳಿಸುವ ತಂತ್ರಾಂಶ ಬರೆಯುವುದು ನಮ್ಮ ವಿದ್ಯೆಯಲ್ಲಿ ಹಳೆಯ ಪಾಠ. ಬೇಕು ಎಂದು ಗುತ್ತಿಗೆಯ ಕಾಗದದಲ್ಲಿ ಬರೆದರೆ ಬರುತ್ತದೆ.

ಹೆಸರಿನ ಗೋಳು ನಿಮಗೆಲ್ಲ ಗೊತ್ತೇ ಇದೆ. ಎಲ್ಲಮ್ಮನ ಗುಡ್ಡದ ನೆರಳಿನಲ್ಲಿರುವ ನಮ್ಮಲ್ಲಿ ಮನೆಗೊಬ್ಬಳು ಯಲ್ಲವ್ವ. ಉತಾರದಲ್ಲಿ ಯಲ್ಲವ್ವ, ಆಧಾರಿನಲ್ಲಿ ಯಲ್ಲಮ್ಮ, ಬ್ಯಾಂಕಿನ ಪುಸ್ತಕದಲ್ಲಿ ಎಲ್ಲವ್ವ. ತವರಿನ ಕಾಗದದಲ್ಲಿ ಅಪ್ಪನ ಹೆಸರು, ಇಲ್ಲಿ ಗಂಡನ ಹೆಸರು. ಇಂಗ್ಲಿಷಿಗೆ ಹೋದರೆ ಕೊನೆಯ ವ್ವಕ್ಕೆ ಒಬ್ಬರು ವಿ ಹಾಕಿದರೆ ಇನ್ನೊಬ್ಬರು ಡಬ್ಲ್ಯು. ಅಕ್ಷರ ಅಕ್ಷರ ಕೂಡಲೇಬೇಕು ಎಂದು ಬರೆದ ಪ್ರೋಗ್ರಾಮಿಗೆ ಇವರು ಮೂರು ಜನ ಹೆಂಗಸರು. ಸವದತ್ತಿ ಎಂಬ ಊರೇ ಇಂಗ್ಲಿಷ್ ಕಾಗದದಲ್ಲಿ ಸೌಂದತ್ತಿ ಆಗಿ ಎಷ್ಟೋ ಕಾಲದಿಂದ ಆರಾಮಾಗಿದೆ. ಊರಿಗೆ ಯಾರೂ ಅಫಿಡವಿಟ್ ಕೇಳಿಲ್ಲ. ಯಲ್ಲವ್ವನಿಗೆ ಕೇಳುತ್ತಾರೆ. ಗೃಹಲಕ್ಷ್ಮಿಯ 2000 ರೂಪಾಯಿ ಬಾರದವರು, ಬೆಳೆ ಪರಿಹಾರ ಬಾರದವರು ಯಾಕೆ ಬಂದಿಲ್ಲವೆಂದು ಕೇಳಿದಾಗ ಸಿಗುವ ಉತ್ತರ "ಆಧಾರ್ ಲಿಂಕ್ ಆಗಿಲ್ಲ" ಎಂಬ ಒಂದೇ ಮಾತು. ಯಾವ ಖಾತೆಗೆ ಲಿಂಕ್, ಯಾವಾಗ ಆಗಿತ್ತು, ಎಲ್ಲಿ ತಪ್ಪಿತು? ನೇರ ವರ್ಗಾವಣೆಯ ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಹೋಗಬೇಕೆಂದಿಲ್ಲ, ಕಡೆಯದಾಗಿ ಆಧಾರಿಗೆ ಜೋಡಿಸಿದ ಖಾತೆಗೆ ಹೋಗುತ್ತದೆ ಎಂಬುದನ್ನೇ ಎಷ್ಟೋ ಜನರಿಗೆ ಯಾರೂ ಹೇಳಿಲ್ಲ.

ಇನ್ನು ಕಾನೂನಿನ ಮಾತು. 2012ರ ಏಪ್ರಿಲ್‌ನಿಂದ ನಮ್ಮಲ್ಲಿ ಸಕಾಲ ಇದೆ. ಅರ್ಜಿ ಕೊಟ್ಟರೆ ಒಂದು ಸಂಖ್ಯೆ ಕೊಡಬೇಕು, ಗೊತ್ತುಮಾಡಿದ ದಿನದೊಳಗೆ ಕೆಲಸ ಆಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಒಳ್ಳೆಯ ಕಾಯಿದೆ. ಆದರೆ ಅದರ ಗಡಿಯಾರ ಶುರುವಾಗುವುದು ಅರ್ಜಿ ಕಂಪ್ಯೂಟರಿನೊಳಗೆ ಹೋದ ಮೇಲೆ. ಬಾಗಿಲಲ್ಲೇ ಯಂತ್ರ ತಿರುಗಿಸಿ ಕಳಿಸಿದರೆ ಸಂಖ್ಯೆಯೂ ಇಲ್ಲ, ದಿನದ ಎಣಿಕೆಯೂ ಇಲ್ಲ. ಆಯಿ ಆ ದಿನ ಬಂದಿದ್ದಳು ಎಂಬುದಕ್ಕೆ ಸಕಾಲದ ಯಾವ ಲೆಕ್ಕದಲ್ಲೂ ಗುರುತಿಲ್ಲ. ಇಷ್ಟು ಅರ್ಜಿ ಬಂದವು, ಇಷ್ಟು ವಿಲೇ ಆದವು ಎಂದು ವರದಿ ಓದುವ ದೊಡ್ಡವರಿಗೆ ಅವಳು ಕಾಣುವುದೇ ಇಲ್ಲ. ಚೀಟಿ ಬೇಕಿರುವುದು ಇದಕ್ಕೆ. ನೂರು ಚೀಟಿಯಲ್ಲಿ ಒಂದೇ ಸಂಖ್ಯೆ ಬಂದರೆ ರೋಗ ಎಲ್ಲಿದೆ ಎಂದು ತಿಳಿಯುತ್ತದೆ.

ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್ 26ರ ತೀರ್ಪು ಸವಲತ್ತುಗಳಿಗೆ ಆಧಾರ್ ಕೇಳುವುದನ್ನು ಒಪ್ಪಿತು. ಬೆರಳು ಕೂಡಲಿಲ್ಲ ಎಂಬ ಕಾರಣಕ್ಕೆ ಅರ್ಹರನ್ನು ಹೊರಗಿಡಬಾರದು, ಬೇರೆ ರೀತಿಯಲ್ಲಿ ಗುರುತು ನೋಡಬೇಕು ಎಂಬ ಮಾತೂ ಅದರಲ್ಲೇ ಇದೆ. ಆದರೆ ಬೆರಳು ಕೂಡಲಿಲ್ಲ ಎಂದು ನಾವು ಸಾಬೀತು ಮಾಡುವುದು ಹೇಗೆ? ಕೈಯಲ್ಲಿ ಕಾಗದ ಇದ್ದರೆ ತಾನೆ!

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಿಂದ ಕೆಟ್ಟವರು ಬ್ರಿಟನ್ನಿನಲ್ಲೂ ಇದ್ದಾರೆ. ಅಲ್ಲಿನ ಅಂಚೆ ಕಚೇರಿಗಳಿಗೆ 1999ರಲ್ಲಿ ಹೊರೈಝನ್ ಎಂಬ ತಂತ್ರಾಂಶ ಬಂತು, ಮಾಡಿದ್ದು ಫುಜಿತ್ಸು ಕಂಪನಿ. ಲೆಕ್ಕದಲ್ಲಿ ದುಡ್ಡು ಕಡಿಮೆ ಇದೆ ಎಂದು ಅದು ತೋರಿಸುತ್ತಿತ್ತು. ಹಳ್ಳಿ ಅಂಚೆ ನಡೆಸುವವರು ನಾವು ಮುಟ್ಟಿಲ್ಲ ಎಂದರೂ ಕೋರ್ಟು ನಂಬಿದ್ದು ಯಂತ್ರವನ್ನು. 900ಕ್ಕೂ ಹೆಚ್ಚು ಜನರ ಮೇಲೆ ಕಳ್ಳತನ, ಮೋಸದ ತೀರ್ಪು ಬಂತು, ಕೆಲವರು ಜೈಲು ಕಂಡರು. ತಂತ್ರಾಂಶದಲ್ಲೇ ದೋಷವಿದೆ ಎಂದು ಅಲ್ಲಿನ ಹೈಕೋರ್ಟು 2019ರಲ್ಲಿ ಹೇಳಿತು. ಆ ತೀರ್ಪುಗಳನ್ನು ಒಟ್ಟಿಗೆ ರದ್ದುಮಾಡಲು 2024ರಲ್ಲಿ ಕಾನೂನೇ ತರಬೇಕಾಯಿತು. ಯಂತ್ರ ಹೇಳಿದ್ದರ ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲದಿದ್ದರೆ ಎಷ್ಟು ದೂರ ಹೋಗುತ್ತದೆ ನೋಡಿ.

ಸಂಗೊಳ್ಳಿಯಲ್ಲಿ ನಿಂತು ಸರಕಾರಿ ಕಾಗದದ ಮಾತಾಡುವಾಗ ರಾಯಣ್ಣ ನೆನಪಾಗದೆ ಇರುವುದಿಲ್ಲ. ಹೊಲ ಕಸಿದುಕೊಂಡ ಕಂಪನಿ ಸರಕಾರದ ಮೇಲೆ ತಿರುಗಿಬಿದ್ದು ಬೀಡಿ ಊರಿನ ಕಚೇರಿಗೆ ಬೆಂಕಿ ಇಟ್ಟವನು ಅವನು; 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಈಗಿನ ದಫ್ತರ ಬೆಂಗಳೂರಿನ ಸರ್ವರಿನಲ್ಲಿದೆ. ಅದನ್ನು ಯಾರೂ ಸುಡಬೇಕಾಗಿಲ್ಲ, ನಮ್ಮ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂದು ಓದಲು ಕೊಟ್ಟರೆ ಸಾಕು.

ಸಿಬ್ಬಂದಿಯವರು ಈ ಬೇಡಿಕೆಯಿಂದ ಬೆದರಬೇಕಾಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಕೂತಾಗ ಅವರ ದೊಡ್ಡ ದೂರು ಮೊಬೈಲಿಗೆ ಒಂದರ ಮೇಲೊಂದು ತುಂಬಿದ ಆ್ಯಪುಗಳ ಹೊರೆಯೇ ಆಗಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕೂತ ಆಶಾ ಕಾರ್ಯಕರ್ತೆಯರು, ಮಾಡಿದ ಕೆಲಸ ಪೋರ್ಟಲಿನಲ್ಲಿ ಕಾಣದೆ ಪ್ರೋತ್ಸಾಹಧನ ತಪ್ಪುತ್ತಿದೆ ಎಂದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ನಡೆದ ಜಾತಿ ಸಮೀಕ್ಷೆಯಲ್ಲಿ ಶಿಕ್ಷಕರು ಆ್ಯಪು ತೆರೆದುಕೊಳ್ಳದೆ ಓಣಿ ಓಣಿ ಸಿಗ್ನಲ್ ಹುಡುಕಿದರು. ಯಂತ್ರದ ತಪ್ಪಿಗೆ ಬೈಸಿಕೊಳ್ಳುವವರು ಇವರೇ. ಚೀಟಿ ಇದ್ದರೆ ತಪ್ಪು ತಮ್ಮದಲ್ಲ ಎಂದು ತೋರಿಸಲು ಅವರಿಗೂ ಒಂದು ಆಧಾರ. ಚೀಟಿ ಬಂದರೆ ಹೊಟ್ಟೆ ಉರಿಯುವುದು "ನನಗ ಕೊಡ್ರಿ, ಒಳಗ ನಮ್ಮವರದಾರ" ಎನ್ನುವ ದಲ್ಲಾಳಿಗೆ ಮಾತ್ರ. ಕಾರಣ ಗೊತ್ತಿಲ್ಲದ ಕಡೆಯೇ ಅವನ ವ್ಯಾಪಾರ.

ಖರ್ಚು? ಪ್ರಿಂಟರ್ ಕೇಂದ್ರದಲ್ಲಿ ಇದೆ. ಕಾರಣದ ಸಂಖ್ಯೆ ಕಂಪ್ಯೂಟರಿನಲ್ಲಿ ಇದೆ. ಅದನ್ನು ಕನ್ನಡದ ಒಂದು ಸಾಲಿಗೆ ಜೋಡಿಸುವುದು ಬಲ್ಲವನಿಗೆ ಕೆಲವು ದಿನದ ಕೆಲಸ. ಈಗ ಎಲ್ಲದಕ್ಕೂ ಎಐ ತರುತ್ತೇವೆ ಎನ್ನುತ್ತಿದ್ದಾರೆ, ತರಲಿ; ಮೊದಲು ಈ ಒಂದು ಸಾಲು ಬರಲಿ.

ಸರಕಾರ ಮಾಡುವ ತನಕ ನಾವೇ ಶುರು ಮಾಡೋಣ. ಕೆಳಗಿನ ಚೀಟಿಯನ್ನು ಝೆರಾಕ್ಸ್ ಮಾಡಿಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ತುಂಬಿದ್ದನ್ನು ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಂಡು ಇನ್ನೊಂದನ್ನು ತಹಶೀಲ್ದಾರ ಕಚೇರಿಯ ಟಪಾಲಿನಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ. ಮುಂದಿನ ಗ್ರಾಮಸಭೆಯಲ್ಲಿ ಚೀಟಿಗಳನ್ನೆಲ್ಲ ಒಟ್ಟಿಗೆ ಇಟ್ಟು ಠರಾವು ಬರೆಸಿ.

- - - - - - ಇಲ್ಲಿ ಕತ್ತರಿಸಿ - - - - - -

ಕೆಲಸ ಆಗದ ಚೀಟಿ

ತಾರೀಖು ............ ವೇಳೆ ............

ಕಚೇರಿ / ಕೇಂದ್ರ / ಅಂಗಡಿ ........................

ಬಂದವರ ಹೆಸರು, ಊರು ........................

ಯಾವ ಕೆಲಸಕ್ಕೆ ........................

ಪರದೆಯ ಮೇಲೆ ಬಂದ ಸಂಖ್ಯೆ ಅಥವಾ ಸಾಲು (ಇದ್ದದ್ದು ಇದ್ದಂತೆ) ........................

ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳಿದರು ........................

ಸಿಬ್ಬಂದಿಯ ಸಹಿ (ಮಾಡದಿದ್ದರೆ ಪಾಳಿಯಲ್ಲಿದ್ದ ಇಬ್ಬರ ಸಹಿ ಅಥವಾ ಹೆಬ್ಬೆಟ್ಟು) ........................

ಆಧಾರ್ ನಂಬರನ್ನು ಈ ಚೀಟಿಯಲ್ಲಿ ಎಲ್ಲೂ ಬರೆಯಬೇಡಿ.