ಕೀಲಿಕೈ ಯಾರ ಬಳಿ ಇದೆ?

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಊರಿನಿಂದ ಬರುವ ಅಂಚೆ ಕಾರ್ಡನ್ನು ಗುರುಗಳೇ ಕರೆದು ಕೈಗಿಡುತ್ತಿದ್ದರು. ಪತ್ರ ಪಡೆಯಲು ನಾವು ಯಾವ ಬೀಗವನ್ನೂ ತೆಗೆಯಬೇಕಾಗಿರಲಿಲ್ಲ. ಇಂದಿನ ಪತ್ರದ ರೀತಿಯೇ ಬೇರೆ. ಅದು ಕ್ಷಣಮಾತ್ರದಲ್ಲಿ ಬಂದು ಪೆಟ್ಟಿಗೆಯಲ್ಲಿ ಬೀಳುತ್ತದೆ. ಆದರೆ ಆ ಪೆಟ್ಟಿಗೆಯ ಕೀಲಿಕೈ ನಮ್ಮಲ್ಲಿಲ್ಲದಿದ್ದರೆ ಬಂದೂ ಬಾರದಂತೆಯೇ ಸರಿ. ಈ ಮಾತು ನನಗೆ ಮನದಟ್ಟಾದುದು ಕಳೆದ ವರ್ಷ ನಡೆದ ಒಂದು ಪ್ರಸಂಗದಿಂದ.

ಸರಗೂರಿನ ಕಡೆಯಿಂದ ಬಂದು ಮೈಸೂರಿನ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಪದವಿ ಓದುತ್ತಿದ್ದ ನಮ್ಮ ಪರಿಚಯದ ಮನೆಯ ಹೆಣ್ಣುಮಗಳು ಒಂದು ಸಂಜೆ ತಂದೆಯೊಡನೆ ನಮ್ಮ ಮನೆಗೆ ಬಂದಳು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಏನೋ ತಿದ್ದುಪಡಿ ಬೇಕಾಗಿ ಅದರ ಸೂಚನೆ ಇ-ಮೇಲ್‌ಗೆ ಹೋಗಿದೆಯೆಂದು ಸಹಪಾಠಿಗಳಿಂದ ತಿಳಿಯಿತಂತೆ. "ಗುರುಗಳೇ, ಪಾಸ್‌ವರ್ಡ್ ಬರೆದಿಟ್ಟಿದ್ದೇನೆ. ಆದರೂ ಒಳಗೆ ಬಿಡುವುದಿಲ್ಲ, ಮೊಬೈಲಿಗೆ ಬಂದ ಸಂಖ್ಯೆ ಹೇಳು ಎನ್ನುತ್ತದೆ. ಆ ಮೊಬೈಲು ನನ್ನದಲ್ಲ" ಎಂದಳು. ವಿಚಾರಿಸಿದಾಗ ಸಂಗತಿ ತಿಳಿಯಿತು. ಎಸ್ಸೆಸ್ಸೆಲ್ಸಿ ಮುಗಿದಾಗ ಊರಿನ ಕಂಪ್ಯೂಟರ್ ಅಂಗಡಿಯವರು ಅವಳ ಹೆಸರಿನಲ್ಲಿ ಖಾತೆ ತೆರೆದು, ಮನೆಯಲ್ಲಿ ಮೊಬೈಲ್ ಇಲ್ಲದ ಕಾರಣ ತಮ್ಮ ಸಂಖ್ಯೆಯನ್ನೇ ನಮೂದಿಸಿದ್ದರು. ಅಂಗಡಿ ಮುಚ್ಚಿ ವರ್ಷವಾಗಿತ್ತು.

ತಂದೆ ಮರುದಿನವೇ ಊರಿಗೆ ಹೋಗಿ ಆ ಅಂಗಡಿಯವರನ್ನು ಹುಡುಕಿದರು. ಪುಣ್ಯಕ್ಕೆ ಹಳೆಯ ಸಂಖ್ಯೆ ಅವರಲ್ಲೇ ಇತ್ತು. ಸಜ್ಜನರು, ಬಂದ ಸಂಖ್ಯೆಯನ್ನು ಕೂಡಲೇ ತಿಳಿಸಿದರು. ಪೆಟ್ಟಿಗೆ ತೆರೆಯಿತು. ಪತ್ರ ಅಲ್ಲಿತ್ತು, ತಿದ್ದುಪಡಿಯ ಗಡುವು ಮಾತ್ರ ಎರಡು ದಿನದ ಹಿಂದೆ ಮುಗಿದಿತ್ತು. ಆ ವರ್ಷದ ವೇತನ ಕೈತಪ್ಪಿತು. ತಂದೆ ಎರಡು ಕುರಿಗಳನ್ನು ಮಾರಿ ಶುಲ್ಕ ಕಟ್ಟಿದರು.

ಇದರಲ್ಲಿ ಯಾರನ್ನು ದೂರೋಣ? ಅಂಗಡಿಯವರು ಉಪಕಾರವನ್ನೇ ಮಾಡಿದ್ದರು. ಹುಡುಗಿ ಅಸಡ್ಡೆಯವಳಲ್ಲ. ನನ್ನನ್ನೇ ಕೇಳಿಕೊಂಡೆ: ನನ್ನ ಇ-ಮೇಲ್ ಖಾತೆಯ ಪಾಸ್‌ವರ್ಡ್ ನನಗೆ ಗೊತ್ತೇ? ಗೊತ್ತಿರಲಿಲ್ಲ. ಅದನ್ನು ತೆರೆದುಕೊಟ್ಟ ಮೊಮ್ಮಗನಿಗೂ ನೆನಪಿರಲಿಲ್ಲ! ಅಂದೇ ಕಾಲೇಜಿನ ಕಂಪ್ಯೂಟರ್ ಅಧ್ಯಾಪಕರೊಬ್ಬರ ಬಳಿ ಕುಳಿತು ಶಿಷ್ಯನಂತೆ ಕಲಿತೆ. ಕಲಿತುದನ್ನು ನಮ್ಮ ಕುಟುಂಬಗಳ ಅನುಕೂಲಕ್ಕಾಗಿ ನಿವೇದಿಸುತ್ತೇನೆ.

ಮೊದಲನೆಯದಾಗಿ, ಖಾತೆಯಲ್ಲಿ ನಮೂದಾದ ಮೊಬೈಲ್ ಸಂಖ್ಯೆ ವಿದ್ಯಾರ್ಥಿಯದೋ ತಂದೆತಾಯಿಯದೋ ಆಗಿರಬೇಕು. ಸಿಮ್ ಬದಲಾಯಿಸುವ ಮುನ್ನವೇ ಖಾತೆಯಲ್ಲಿ ಹೊಸ ಸಂಖ್ಯೆಯನ್ನು ಸೇರಿಸತಕ್ಕದ್ದು. ಬಿಟ್ಟುಬಿಟ್ಟ ಸಂಖ್ಯೆ ಕೆಲವು ಕಾಲದ ಮೇಲೆ ಮತ್ತೊಬ್ಬರ ಪಾಲಾಗುತ್ತದೆ. ಜಿ-ಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನು ಇಟ್ಟುಕೊಂಡವರಿಗೆ ಎಂಟು ಅಂಕೆಗಳ ಹತ್ತು ಸಂಕೇತಗಳು ದೊರೆಯುತ್ತವೆ. ಮೊಬೈಲ್ ಕಳೆದರೂ ಒಂದೊಂದನ್ನು ಒಮ್ಮೆ ಬಳಸಿ ಒಳಹೋಗಬಹುದು. ಅವನ್ನು ಕಾಗದದಲ್ಲಿ ಬರೆದು ಅಂಕಪಟ್ಟಿಯೊಡನೆ ಪೆಟ್ಟಿಗೆಯಲ್ಲಿಡಿ.

ಎರಡನೆಯದಾಗಿ, ಪಾಸ್‌ವರ್ಡ್ ತಪ್ಪೆಂದು ಬಂದರೆ ಗಾಬರಿಯಾಗಿ ಹತ್ತಾರು ಬಾರಿ ಒತ್ತಬಾರದು. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳು ಅಲ್ಲಿ ಬೇರೆ ಬೇರೆ. ಕ್ಯಾಪ್ಸ್ ಲಾಕ್ ಗುಂಡಿ ಒತ್ತಿರುವುದೇ ಎಷ್ಟೋ ಸಲ ಕಾರಣ. ಮರೆತೇಹೋಗಿದ್ದರೆ, ಯಾವ ಫೋನಿನಲ್ಲಿ, ಯಾವ ಊರಿನಲ್ಲಿ ಎಂದಿನಂತೆ ಖಾತೆ ತೆರೆಯುತ್ತಿದ್ದಿರೋ ಅಲ್ಲಿಂದಲೇ ಮರಳಿ ಪಡೆಯಲು ಯತ್ನಿಸಬೇಕು. ಅಪರಿಚಿತ ಯಂತ್ರದಿಂದ ಬಂದವರನ್ನು ಅದು ಸುಲಭವಾಗಿ ನಂಬದು. ಕಾಲೇಜೇ ಕೊಟ್ಟ ಇ-ಮೇಲ್ ಆದರೆ ಈ ಕಷ್ಟವಿಲ್ಲ. ಅದರ ಮೇಲ್ವಿಚಾರಕರು ಪಾಸ್‌ವರ್ಡ್ ಬದಲಿಸಿಕೊಡಬಲ್ಲರು. ಗುರುತಿನ ಚೀಟಿಯೊಡನೆ ಕಚೇರಿಗೆ ಹೋದರಾಯಿತು.

ಮೂರನೆಯದಾಗಿ, ಪತ್ರ ಬಾರದಿದ್ದರೆ ಸ್ಪ್ಯಾಮ್ ಎಂಬ ಕಡತವನ್ನು ನೋಡಬೇಕು. ಕಸವೆಂದು ಯಂತ್ರ ಬೇರ್ಪಡಿಸಿದುದರಲ್ಲಿ ಕೆಲವೊಮ್ಮೆ ಪರೀಕ್ಷೆಯ ಸೂಚನೆಯೂ ಇರುತ್ತದೆ. ಜಿ-ಮೇಲ್‌ನಲ್ಲಿ ಅಲ್ಲಿರುವುದು 30 ದಿನಗಳಲ್ಲಿ ತಾನೇ ಅಳಿದುಹೋಗುತ್ತದೆ. ಉಚಿತ ಖಾತೆಯ 15 ಜಿಬಿ ಸ್ಥಳವನ್ನು ಪತ್ರ, ಕಡತ, ಫೋಟೋಗಳೆಲ್ಲವೂ ಹಂಚಿಕೊಳ್ಳುತ್ತವೆ. ಮದುವೆ, ಜಾತ್ರೆಗಳ ವಿಡಿಯೋಗಳಿಂದ ಅದು ತುಂಬಿದರೆ ಹೊಸ ಪತ್ರ ಒಳಗೆ ಬಾರದೆ ಕಳುಹಿಸಿದವರಿಗೇ ಹಿಂದಿರುಗುತ್ತದೆ. ದೊಡ್ಡ ವಿಡಿಯೋಗಳನ್ನು ಬೇರೆಡೆ ಉಳಿಸಿ, ಇಲ್ಲಿಂದ ತೆಗೆದು ಜಾಗ ಮಾಡಬೇಕು.

ನಾಲ್ಕನೆಯದಾಗಿ, ಕಾಲೇಜಿನ ಖಾತೆ ಬಾಡಿಗೆಯ ಮನೆಯಂತೆ. ಗೂಗಲ್ ಸಂಸ್ಥೆ 2022ರಿಂದ ಉಚಿತ ಸೌಲಭ್ಯ ಪಡೆಯುವ ವಿದ್ಯಾಸಂಸ್ಥೆಗೆ ಒಟ್ಟಾಗಿ 100 ಟಿಬಿ ಸ್ಥಳದ ಮಿತಿ ವಿಧಿಸಿತು. ಹೀಗಾಗಿ ಓದು ಮುಗಿಸಿದವರ ಖಾತೆಗಳನ್ನು ಮುಚ್ಚುವ ಸಂಸ್ಥೆಗಳೂ ಉಂಟು. ಪದವಿಯ ಕೊನೆಯ ವರ್ಷದಲ್ಲೇ ಬೇಕಾದುದನ್ನು ಸ್ವಂತ ಖಾತೆಗೆ ಸಾಗಿಸಿಕೊಳ್ಳತಕ್ಕದ್ದು. ಸ್ವಂತ ಖಾತೆಯೂ ಶಾಶ್ವತವಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ.

ಕಡೆಯದಾಗಿ ಒಂದು ಎಚ್ಚರಿಕೆ. "ನಿಮ್ಮ ಖಾತೆ ಇಂದೇ ಮುಚ್ಚುತ್ತದೆ, ಇಲ್ಲಿ ಒತ್ತಿ" ಎಂದು ಕಾಲೇಜಿನ ಹೆಸರಿನಲ್ಲಿ ಬರುವ ಪತ್ರಗಳನ್ನು ನಂಬದೆ ಕಚೇರಿಯಲ್ಲಿ ವಿಚಾರಿಸಬೇಕು. ಯಾವ ಕಾಲೇಜೂ ಯಾವ ಬ್ಯಾಂಕೂ ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ಫೋನಿನಲ್ಲಿ ಕೇಳುವುದಿಲ್ಲ. ಮೋಸಹೋಗಿ ಹಣ ಕಳೆದುಕೊಂಡರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು.

ಆ ಹೆಣ್ಣುಮಗಳು ಈಗ ತನ್ನ ಹಾಸ್ಟೆಲಿನಲ್ಲಿ ಹೊಸದಾಗಿ ಬಂದವರನ್ನು ಕೂರಿಸಿಕೊಂಡು ಅವರವರ ಖಾತೆಯಲ್ಲಿ ಯಾರ ಸಂಖ್ಯೆ ಇದೆಯೆಂದು ನೋಡಿಸುತ್ತಾಳಂತೆ. "ಎಷ್ಟು ಜನರಲ್ಲಿ ಅಂಗಡಿಯವರ ಸಂಖ್ಯೆ ಇತ್ತು ಗೊತ್ತೇ, ಗುರುಗಳೇ?" ಎಂದು ಮೊನ್ನೆ ಕೇಳಿದಳು. ನಾನು ಊಹಿಸಲಿಲ್ಲ, ಅವಳ ಮುಖವೇ ಹೇಳುತ್ತಿತ್ತು.

ಓದುಗ ಬಂಧುಗಳೇ, ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೊಂದನ್ನು ಕೇಳಿರಿ: "ಮಗು, ನಿನ್ನ ಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇದೆ?"